ಹಸಿರು ದಾರದ ಹಳದಿ ಫ್ರಾಕ್

"ಇದು ನಿಮ್ಮ ಬಟ್ಟೆ ಗಂಟಿಗೆ ಹೇಗೆ ಬಂತು?"

ಲಾಂಡ್ರಿ ನಡೆಸುವ ಅವಳ ಕೈಯಲ್ಲಿ ಪುಟ್ಟ ಹಳದಿ ಫ್ರಾಕ್ ಇತ್ತು.

ಅದನ್ನು ನೋಡಿದ್ದೇ ತಡ, ಕೌಂಟರಿನ ಆಚೆ ನಿಂತಿದ್ದ ಆಂಬ್ಯುಲೆನ್ಸ್ ಡ್ರೈವರನ ಮುಖ ಇಳಿದುಹೋಯಿತು. ಶನಿವಾರ ಬಂತೆಂದರೆ ಬಟ್ಟೆ ತಂದು ಸುರಿದು, ಹಳಸಲು ಜೋಕೊಂದನ್ನು ಹೇಳಿ, ಅದಕ್ಕೆ ತಾನೇ ಮೊದಲು ನಗುತ್ತಿದ್ದ ಮನುಷ್ಯ ಇಂದು ತಡವರಿಸಿದ.

"ಅಯ್ಯೋ... ಇಸ್ತ್ರಿಗೆ ಅಂತ ನಮ್ಮಮ್ಮ ತಂತಿ ಮೇಲಿದ್ದದ್ದನ್ನೆಲ್ಲ ಬಾಚಿ ತುಂಬಿಬಿಟ್ಟಿದ್ದಾರೆ."

"ನಿಮ್ಮ ಮನೆ ತಂತಿ ಮೇಲೆ ಮಕ್ಕಳ ಮನೆಯ ನಮ್ಮ ಗುಬ್ಬಿಯ ಫ್ರಾಕ್ ಯಾಕಿತ್ತು?"

"ಅದನ್ನ... ಹೇಳೋ ಹಾಗಿಲ್ಲ."

"ಹೇಳೋ ಹಾಗಿಲ್ವಾ?"

"ಮಾತು ಕೊಟ್ಟಿದ್ದೀನಿ. ದಯವಿಟ್ಟು ಕೇಳಬೇಡಿ."

ಅವನು ಫ್ರಾಕಿಗೆ ಕೈ ಚಾಚಿದ. ಅವಳು ಅದನ್ನು ಎದೆಗೆ ಅವಚಿಕೊಂಡಳು. ಆಮೇಲೆ ಅವನು ತಲೆ ತಗ್ಗಿಸಿ ಹೊರಟುಹೋದ.

ಆ ಲಾಂಡ್ರಿಯಲ್ಲಿ ಒಂದೊಂದು ಮನೆಯ ಬಟ್ಟೆಗೂ ಒಂದೊಂದು ಗುರುತಿತ್ತು. ಕಾಲರಿನ ಒಳಗಡೆ ಬಣ್ಣದ ದಾರದ ಎರಡು ಹೊಲಿಗೆ. ಡ್ರೈವರನ ಮನೆಗೆ ನೀಲಿ. ಸಿಸ್ಟರುಗಳು ನಡೆಸುವ ಅನಾಥ ಮಕ್ಕಳ ಮನೆಗೆ ಹಸಿರು. ಸಂಜೆ ಎಲ್ಲ ಗಂಟುಗಳನ್ನೂ ಕಟ್ಟಿದ ಮೇಲೆ ಗುರುತಿಲ್ಲದೆ ಉಳಿದದ್ದು ಮಾತ್ರ ಅವಳ ಸ್ವಂತ ಮನೆಯದು. ಅವಳದೂ ಚಿಕ್ಕಮ್ಮನದೂ, ಅಷ್ಟೇ.

ಆ ಸಣ್ಣ ರಾಶಿಗೆ ಒಂದು ಪುಟ್ಟ ಫ್ರಾಕ್ ಸೇರಲಿ ಎಂದು ಅವಳು ದೇವರನ್ನು ಬೇಡದ ದಿನವಿರಲಿಲ್ಲ.

ಗುಬ್ಬಿಯನ್ನು ದತ್ತು ಕೇಳಿದ್ದಳು. ಮಕ್ಕಳ ಮನೆಯ ಪದ್ಧತಿಯಂತೆ ಮಗು ಒಂದು ದಿನ ಇವಳ ಮನೆಗೆ ಬಂದು ಇದ್ದು ಹೋಗಿತ್ತು. ನಾಳೆ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳ ಮನೆಯ ಮುಖ್ಯಸ್ಥೆ ಮದರ್ ತೀರ್ಮಾನ ಹೇಳುತ್ತಾರೆ. ಈಗ ನೋಡಿದರೆ ಅದೇ ಮಗುವಿನ ಫ್ರಾಕ್ ಇನ್ನೊಬ್ಬರ ಮನೆಯ ತಂತಿಯ ಮೇಲೆ!

ಹಾಗಾದರೆ... ಗುಬ್ಬಿ ಅಲ್ಲಿಗೂ ಹೋಗಿ ಇದ್ದು ಬಂದಿದ್ದಾಳಾ? ಅವರೂ ಕೇಳಿದ್ದಾರಾ?

"ನಿನ್ನೆ ನಾನೇ ಕಣ್ಣಾರೆ ನೋಡ್ದೆ ಕಣೇ, ಅವರ ಮನೆ ಮುಂದೆ ಒಣಗ್ತಿತ್ತು," ಎಂದರು ಚಿಕ್ಕಮ್ಮ, ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು. "ನಿನಗೆ ಹೇಳೋದೋ ಬೇಡ್ವೋ ಅಂತ ಸುಮ್ಮನಾದೆ. ಹೆಂಡತಿ ತೀರಿಹೋಗಿ ಎಷ್ಟು ವರ್ಷ ಆಯ್ತು ಪಾಪ. ಮನೇಲಿ ತಾಯಿ ಇದ್ದಾರೆ, ಆಸ್ಪತ್ರೆ ಕೆಲಸ ಇದೆ..."

"ನನಗೇನಿದೆ ಹೇಳು! ಸೋಪಿನ ನೊರೆ ತಾನೇ?"

"ನನ್ನ ಮೇಲೆ ಯಾಕೆ ರೇಗ್ತೀಯ? ಆದ್ರೂ ನನಗೊಂದು ಅರ್ಥ ಆಗ್ತಿಲ್ಲ. ಆತನ ಅಂಗಿ ಗುಂಡಿ ಮಾತ್ರ ವಾರವಾರ ಉದುರುತ್ತೆ. ಬೀದಿಯವರೆಲ್ಲ ನಿನ್ನ ಅಕ್ಕ ಅಕ್ಕ ಅಂತಾರೆ, ಆತ ಒಂದು ದಿನವೂ ಅಕ್ಕ ಅಂದವನಲ್ಲ. ಅಂಥವನು ನಿನ್ನ ಬೆನ್ನಿಗೆ ಚೂರಿ ಹಾಕ್ತಾನಾ?"

ಅವಳು ಫ್ರಾಕನ್ನು ಮಡಚಿ ಪಕ್ಕಕ್ಕಿಟ್ಟಳು. ಆ ಗುಂಡಿಗಳನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ಹೊಲಿಯುತ್ತಿದ್ದದ್ದು ನೆನಪಾಗಿ ಕಣ್ಣು ಉರಿಯಿತು. 'ಎಂಥ ಪೆದ್ದಿ ನಾನು...'

ಸಂಜೆ ಪ್ರಾರ್ಥನೆಗೆ ಮೊಣಕಾಲೂರಿದಳು. ದೇವರ ಇಷ್ಟದಂತೆ ಆಗಲಿ ಎನ್ನುವ ಸಾಲಿಗೆ ಬಂದಾಗ ನಾಲಿಗೆ ಹೊರಳಲಿಲ್ಲ.

'ಕೊಡೋ ಮನಸ್ಸಿಲ್ಲದಿದ್ರೆ ತೋರಿಸಿದ್ದಾದ್ರೂ ಯಾಕೆ, ಸ್ವಾಮಿ?'

ಭಾನುವಾರ. ದೇವಾಲಯ ತುಂಬಿತ್ತು. ಬಲಿಪೀಠದ ಮೇಲೆ ಅವಳೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ವಸ್ತ್ರ. ಎಡಗಡೆ ಮಕ್ಕಳ ಸಾಲಿನಲ್ಲಿ ಗುಬ್ಬಿ. ಎಂದಿನಂತೆ ತಿರುಗಿ ಕಣ್ಣು ಮಿಟುಕಿಸಲಿಲ್ಲ. ಡ್ರೈವರು ಸರಿಯಾಗಿ ಇವಳ ಮುಂದಿನ ಬೆಂಚಿನಲ್ಲೇ ಕುಳಿತಿದ್ದ.

ಶಾಂತಿ ಹಂಚಿಕೊಳ್ಳುವ ಹೊತ್ತು ಬಂತು. ಜನ ಅಕ್ಕಪಕ್ಕದವರ ಕೈ ಕುಲುಕತೊಡಗಿದರು. ಅವನು ಹಿಂದಕ್ಕೆ ತಿರುಗಿ ಕೈ ಚಾಚಿದ.

"ಶಾಂತಿ ಇರಲಿ..."

ಅವಳ ಕೈ ಮೇಲೇಳಲಿಲ್ಲ. ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಪಕ್ಕದಲ್ಲಿದ್ದ ಚಿಕ್ಕಮ್ಮ ಗಾಬರಿಯಿಂದ ಅದನ್ನು ಹಿಡಿದು ಕುಲುಕಿ ಮಾನ ಉಳಿಸಿದರು.

ಫಾದರ್ ನಾಲಿಗೆಯ ಮೇಲಿಡುವ ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಸಾಲಾಗಿ ಹೊರಟರು. ಅವಳು ಏಳಲಿಲ್ಲ. ಒಬ್ಬನ ಮೇಲೆ ಇಷ್ಟು ಕಹಿ ಇಟ್ಟುಕೊಂಡು ಆ ಪೀಠದ ಮುಂದೆ ಹೇಗೆ ನಾಲಿಗೆ ಚಾಚುವುದು?

ತಲೆ ಎತ್ತಿದರೆ, ಮುಂದಿನ ಬೆಂಚಿನಲ್ಲಿ ಅವನೂ ಕುಳಿತೇ ಇದ್ದ!

"ನೀವ್ಯಾಕೆ ಹೋಗ್ಲಿಲ್ಲ?" ಪಿಸುಗುಟ್ಟಿದಳು.

"ನನ್ನಿಂದ ಒಬ್ಬರು ಇಲ್ಲೇ ಕೂತಿರುವಾಗ, ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?" ಅವನು ತಿರುಗದೆಯೇ ಹೇಳಿದ.

"ಹಾಗಾದ್ರೆ ಹೇಳಿ. ಗುಬ್ಬೀನ ನೀವೂ ಕೇಳಿದ್ದೀರಾ?"

ಅವನು ಸರಕ್ಕನೆ ತಿರುಗಿದ. "ನಾನಾ?! ನಾನ್ಯಾಕೆ ಕೇಳ್ಲಿ? ಅವಳು ನಿಮ್ಮ ಮಗಳು ಅಂತ ಊರಿಗೇ ಗೊತ್ತು!"

"ಮತ್ತೆ ಆ ಫ್ರಾಕ್?"

"ಮಾತು ಕೊಟ್ಟಿದ್ದೀನಿ ಅಂದ್ನಲ್ಲ..."

"ಯಾರಿಗೆ?"

ಅವನು ಪುಟ್ಟ ಮಗುವಿನ ಎತ್ತರಕ್ಕೆ ಕೈ ಹಿಡಿದು ತೋರಿಸಿದ. ಅದೇ ಹೊತ್ತಿಗೆ, ಫಾದರ್ ಹತ್ತಿರ ಆಶೀರ್ವಾದ ಪಡೆದು ಮಕ್ಕಳ ಸಾಲು ವಾಪಸ್ ಬರುತ್ತಿತ್ತು. ಅವನ ಕೈಯನ್ನೂ ಅವಳ ಒದ್ದೆ ಕಣ್ಣನ್ನೂ ನೋಡಿದ ಗುಬ್ಬಿ ಸಾಲಿನಿಂದ ಕಳಚಿಕೊಂಡು ಓಡಿ ಬಂತು.

"ಡ್ರೈವರ್ ಮಾಮ! ಹೇಳಿಬಿಟ್ಯಾ?"

"ಇಲ್ಲ ಪುಟ್ಟಿ. ಆಣೆ ಮಾಡಿ ಹೇಳ್ತೀನಿ, ಇಲ್ಲ."

ಮಗುವಿನ ತುಟಿ ಕಂಪಿಸಿತು. "ಇಸ್ತ್ರಿ ಅಮ್ಮ... ನಾನು ಆಂಬ್ಯುಲೆನ್ಸಲ್ಲಿ ವಾಂತಿ ಮಾಡ್ಕೊಂಡೆ. ಡಾಕ್ಟರ ಹತ್ರ ಹೋಗುವಾಗ. ಫ್ರಾಕ್ ಮೇಲೆಲ್ಲ... ಮಾಮನ ಅಂಗಿ ಮೇಲೂ. ನಮ್ಮ ಬಟ್ಟೆ ಎಲ್ಲ ನಿಮ್ಮ ಹತ್ರಾನೇ ಬರುತ್ತಲ್ಲ, ನಿಮಗೆ ಗೊತ್ತಾಗುತ್ತೆ ಅಂತ ಮಾಮನಿಗೆ ಒಗೆಯೋಕೆ ಕೊಟ್ಟೆ."

"ನನಗೆ ಗೊತ್ತಾದ್ರೆ ಏನಾಗುತ್ತೆ ಕಂದಾ?"

"ಮುಂಚೆ ಒಬ್ಬರು ಕಾರಲ್ಲಿ ಕರ್ಕೊಂಡು ಹೋಗಿದ್ರು. ಅವರ ಕಾರಲ್ಲೂ ವಾಂತಿ ಮಾಡ್ಕೊಂಡೆ..." ಗುಬ್ಬಿಯ ದನಿ ಉಡುಗಿತು. "ಅವರು ಮತ್ತೆ ಬರಲೇ ಇಲ್ಲ."

ಅವಳು ಬೆಂಚಿನಿಂದ ಜಾರಿ ಮಗುವಿನ ಮುಂದೆ ಮೊಣಕಾಲೂರಿದಳು. ಮದರ್ ಏನು ಹೇಳುತ್ತಾರೋ ಇನ್ನೂ ಗೊತ್ತಿಲ್ಲ. 'ನಿನ್ನನ್ನು ಕರ್ಕೊಂಡು ಹೋಗ್ತೀನಿ' ಎನ್ನುವ ಹಕ್ಕು ಇನ್ನೂ ಇಲ್ಲ...

"ನಮ್ಮ ಅಂಗಡೀಲಿ ಏನ್ ಕೆಲಸ ಮಾಡ್ತೀವಿ, ಹೇಳು?"

"ಬಟ್ಟೆ ಒಗೀತೀರ."

"ಕೊಳೆ ಆಯ್ತು ಅಂತ ಯಾವತ್ತಾದ್ರೂ ಎಸೆದಿದ್ದೀವಾ?"

ಗುಬ್ಬಿ ಯೋಚಿಸಿ ತಲೆಯಾಡಿಸಿತು. "ಇಲ್ಲ. ಆದ್ರೆ ಇಸ್ತ್ರಿ ಮಾಡೋ ಅಜ್ಜಿ ಬೈತಾರೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಬೈತಾರೆ. ಬೈದು, ಒಗೀತಾರೆ."

ಮೇಲೆ ನೋಡಿದಳು. ಅವನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ. ಒಂದು ಮಗುವಿನ ಗುಟ್ಟು ಉಳಿಸಲು ಅವಳ ಎಲ್ಲ ಕೋಪವನ್ನೂ ಬಾಯಿ ಮುಚ್ಚಿ ನುಂಗಿದ ಮನುಷ್ಯ...

ಅವಳು ಕೈ ಚಾಚಿದಳು. "ಶಾಂತಿ ಇರಲಿ."

ಅವನು ಎರಡೂ ಕೈಯಿಂದ ಹಿಡಿದುಕೊಂಡ. ಬಿಡುವುದು ಮರೆತೇ ಹೋಯಿತೇನೋ.

"ಮಾಮ, ಸಾಲು ಮುಗಿದುಹೋಗ್ತಿದೆ!" ಎಂದಿತು ಗುಬ್ಬಿ.

ಇಬ್ಬರೂ ಓಡಿ ಸಾಲಿನ ಕೊನೆಯಲ್ಲಿ ನಿಂತರು. ನಿಂತಲ್ಲೇ ಅವಳು ನಿನ್ನೆ ನಾಲಿಗೆ ಹೊರಳದಿದ್ದ ಆ ಸಾಲನ್ನು ಮೆಲ್ಲಗೆ ಹೇಳಿಕೊಂಡಳು. ಎದೆ ಡವಗುಟ್ಟುತ್ತಲೇ ಇತ್ತು, ಆದರೂ ಹೇಳಿದಳು.

ಪೂಜೆ ಮುಗಿದು ಅವಳು ಮದರ್ ಕೋಣೆಯ ಬಾಗಿಲು ತಟ್ಟಿದಳು. ಮದರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಆಮೇಲೆ ನಕ್ಕರು.

"ಮಗಳನ್ನ ಯಾವಾಗ ಕರ್ಕೊಂಡು ಹೋಗ್ತೀಯಮ್ಮ?"

ಮುಂದಿನ ಶನಿವಾರ. ಗುಬ್ಬಿ ಕೌಂಟರಿನ ಮೇಲೆ ಕುಳಿತು ಕಾಲಾಡಿಸುತ್ತಿತ್ತು. ಅವಳು ಹಳದಿ ಫ್ರಾಕಿನ ಕಾಲರಿನಿಂದ ಹಸಿರು ದಾರವನ್ನು ಸೂಜಿಮೊನೆಯಲ್ಲಿ ಬಿಚ್ಚುತ್ತಿದ್ದಳು.

"ಅಮ್ಮ, ನನಗೆ ಈಗ ಯಾವ ಬಣ್ಣ?"

"ಯಾವುದೂ ಇಲ್ಲ. ನಮ್ಮನೆ ಬಟ್ಟೆಗೆ ಗುರುತು ಯಾಕೆ?"

ಬಾಗಿಲಲ್ಲಿ ಯಾರೋ ಮೆಲ್ಲಗೆ ಕೆಮ್ಮಿದರು. ಅವನು! ಕೈಯಲ್ಲಿ ಒಂದೇ ಒಂದು ಅಂಗಿ. ಇವತ್ತು ಜೋಕಿಲ್ಲ.

"ಗುಂಡಿ ಉದುರಿದ್ಯಾ?" ತಲೆ ಎತ್ತದೆ ಕೇಳಿದಳು.

"ಇಲ್ಲ. ಇಷ್ಟು ದಿನ ಉದುರಿದ್ದನ್ನೆಲ್ಲ... ನಾನೇ ಕಿತ್ತಿದ್ದು."

ಒಳಗಡೆ ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು. ಚಿಕ್ಕಮ್ಮ ಕಿವಿ ನಿಮಿರಿಸಿರಬೇಕು!

ಅವನು ಅಂಗಿಯ ಕಾಲರು ಮಡಚಿ, ನೀಲಿ ದಾರ ಕಾಣುವಂತೆ ಅವಳ ಮುಂದಿಟ್ಟ.

"ಸೂಜಿ ಕೈಯಲ್ಲೇ ಇದೆಯಲ್ಲ... ಇದನ್ನೂ ಬಿಚ್ಚಿಬಿಡ್ತೀರಾ?"

ಅವಳು ಆ ನೀಲಿ ಹೊಲಿಗೆಯನ್ನು ನೋಡಿದಳು. ಕಾಲರನ್ನು ತನ್ನ ಕಡೆಗೆ ಎಳೆದುಕೊಂಡಳು.

"ಗಟ್ಟಿಯಾಗಿ ಹೊಲಿದಿದ್ದೀನಿ. ಬಿಚ್ಚೋಕೆ ಹೊತ್ತಾಗುತ್ತೆ."

"ಕಾಯ್ತೀನಿ."

"ಹಾಗಾದ್ರೆ ಹೊರಗೆ ಯಾಕೆ ನಿಂತಿದ್ದೀರ... ಒಳಗೆ ಬನ್ನಿ."