ಕುಳ್ಳ ಮರದ ಸುತ್ತ ಒಂದು ಗೇಣು

ಮಂಗಳವಾರ ಬೆಳಗ್ಗೆ ಆರು ಗಂಟೆಗೆ ಮಾಲಿ ದುರ್ಗಯ್ಯ ಹಾಕಿದ ಕೂಗಿಗೆ ತಿಪಟೂರು ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹೋಗಿ ತುರುವೇಕೆರೆಯಲ್ಲಿ ಕೂತವು. ಎರಡು ದಿನ ವಾಪಸು ಬರಲಿಲ್ಲ ಎನ್ನುವವರೂ ಇದ್ದಾರೆ.

ಜಪಾನ್ ತೋಟದ ಕುಳ್ಳ ಮರ ಸತ್ತಿತ್ತು.

ಮರವೆಂದರೆ ಎಂಥ ಮರ! ಪೈನ್ ಜಾತಿ. ವಯಸ್ಸು ನಲವತ್ತು, ಎತ್ತರ ಮೊಣಕಾಲಿನಷ್ಟು. ಹತ್ತು ದಿನದಿಂದ ಅದರ ಸೂಜಿಯೆಲೆಗಳು ತುದಿಯಲ್ಲಿ ಕೆಂಪಾಗುತ್ತಿದ್ದವು. ಅಂದು ದುರ್ಗಯ್ಯ ಒಂದು ಬೆರಳು ತಾಗಿಸಿದ. ಅಷ್ಟೂ ಎಲೆ ಜಳಜಳನೆ ಉದುರಿ ಮರ ಬತ್ತಲಾಗಿ ನಿಂತಿತು.

ಈ ತೋಟದ ಹುಟ್ಟಿನ ಕತೆ ಸಣ್ಣದು. ಕೊಬ್ಬರಿ ಮಂಡಿಯ ವೀರಭದ್ರಯ್ಯನವರು ಎಪ್ಪತ್ತನೇ ಇಸವಿಯಲ್ಲಿ ಓಸಾಕದ ವಸ್ತುಪ್ರದರ್ಶನಕ್ಕೆ ಹೋಗಿ ಬಂದಿದ್ದರು. ಇದ್ದದ್ದು ಹದಿನೈದು ದಿನ, ಅದನ್ನು ಹೇಳಿದ್ದು ಐದು ವರ್ಷ. ಕೇಳಿ ಕೇಳಿ ಕಿವಿಯಲ್ಲಿ ಕಾಯಿಬಿಟ್ಟ ವರ್ತಕರು, “ಆ ತೋಟಾನ ಇಲ್ಲೇ ಮಾಡ್ಸಿ ಸ್ವಾಮಿ, ಕತೆ ಮಾತ್ರ ನಿಲ್ಸಿ” ಎಂದು ಒಂದು ಸಮಿತಿ ಕಟ್ಟಿ, ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಕೆರೆ ಪಕ್ಕ ಕೊಳ ಬಂತು, ಕೆಂಪು ಬಣ್ಣದ ಗೂನು ಸೇತುವೆ ಬಂತು, ಕಲ್ಲಿನ ದೀಪ ಬಂತು. ಬಿಳಿ ಜಲ್ಲಿ ಸುರಿದು, ಉದ್ದ ಹಲ್ಲಿನ ಹಲುಬೆಯಿಂದ ಅಲೆ ಅಲೆಯಾಗಿ ಗೀರಿದ ಅಂಗಳ ಬಂತು. ಅದನ್ನು ನೀರೆಂದು ತಿಳಿಯಬೇಕಂತೆ. ಹಾಗೆ ತಿಳಿಯಲಾರದೆ ಬಿಳಿಗೆರೆಯ ಗಂಗಯ್ಯ ಒಮ್ಮೆ ಅದರ ಮೇಲೆ ಕೊಬ್ಬರಿ ಹೋಳು ಒಣಹಾಕಿ, ಊರೆಲ್ಲ ಕೇಳುವಂತೆ ಬೈಸಿಕೊಂಡಿದ್ದ. ಜಲ್ಲಿಯ ನಡುವೆ ಒಂದು ಮಣ್ಣಿನ ದಿಬ್ಬ, ದಿಬ್ಬದ ಮೇಲೆ ಈ ಮರ. ಓಸಾಕದ ಒಬ್ಬ ಮುದುಕ ಕೊಟ್ಟ ಕಾಣಿಕೆ. ಅವನ ಮಗ ಇದೇ ಶುಕ್ರವಾರ ಮರ ನೋಡಲು ಬರುವವನಿದ್ದ.

“ಶುಕ್ರವಾರ ಸಂಜೆಯೊಳಗೆ ಯಾರು ಕೊಂದ್ರು ಅಂತ ಗೊತ್ತಾಗ್ಬೇಕು,” ಎಂದರು ವೀರಭದ್ರಯ್ಯ. “ಇಲ್ದಿದ್ರೆ ದುರ್ಗಯ್ಯ, ಗೇಟಿನ ಪಕ್ಕದ ರೂಮಿನ ಬೀಗದ ಕೈ ಇಲ್ಲಿಟ್ಟು ನಡಿ. ಮರ ಕಾಯೋಕೆ ಇಟ್ಟೋನು ನೀನು.”

ಆ ರೂಮು ದುರ್ಗಯ್ಯನಿಗೆ ಮನೆ. ಬೇರೆ ಮನೆ ಇರಲಿಲ್ಲ.

ಪತ್ತೆಗೆ ಯಾರು? ಇನ್ನಾರು! ನಿವೃತ್ತ ಪೊಲೀಸ್ ದಫೇದಾರ್ ಏಕಾಂತಯ್ಯ. ಅವರು ಬರುವ ಮೊದಲೇ ಅವರ ಮೀಸೆ ಬಂದು ತಲುಪುತ್ತಿತ್ತು. ಅರಸೀಕೆರೆಯ ರೈಲುಗಳ್ಳರನ್ನು ಬರೀ ವಾಸನೆಯಿಂದ ಹಿಡಿದವರು. ಹನ್ನೊಂದು ಕೊಲೆ ಪತ್ತೆ ಮಾಡಿದವರು. ಹೋದ ದೀಪಾವಳಿಯಲ್ಲಿ ಅದು ಏಳಿತ್ತು, ಇರಲಿ. ಏಕಾಂತಯ್ಯನವರು ಹೇಳಿದ್ದನ್ನು ಊರು ಮಟ್ಟೆ ಸುಲಿದು, ಕರಟ ಒಡೆದು, ಒಳಗೆ ಏನಾದರೂ ಉಳಿದಿದ್ದರೆ ಅಷ್ಟನ್ನು ಇಟ್ಟುಕೊಳ್ಳುತ್ತಿತ್ತು.

“ಯಾರೂ ಮುಟ್ಬೇಡಿ!” ದಫೇದಾರರು ದಿಬ್ಬದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಕಾಂಡದ ಬುಡದ ಮಣ್ಣು ಕೆದಕಿದರು. ಏನಿಲ್ಲ. ಬೆರಳನ್ನು ಹಿಂದಕ್ಕೆ ಸರಿಸುತ್ತ ಬಂದರು. ಕಾಂಡದಿಂದ ಒಂದು ಗೇಣು ದೂರದಲ್ಲಿ ಬೆರಳಿಗೆ ನಾರು ಸಿಕ್ಕಿತು. ತೆಂಗಿನ ನಾರು. ಅದರ ಕೆಳಗೆ ಕರಗದೆ ಉಳಿದ ಬಿಳೀ ಹರಳು. ಮರದ ಸುತ್ತ ಬಳೆಯಂತೆ ಒಂದು ಸುತ್ತು!

ಹರಳನ್ನು ನಾಲಗೆಗೆ ಹಚ್ಚಿದರು. ಕಣ್ಣು ಮುಚ್ಚಿದರು. ಮೂರು ವಾರದಿಂದ ಡಾಕ್ಟರು ಅವರ ಊಟದಿಂದ ಕಿತ್ತುಕೊಂಡಿದ್ದ ರುಚಿ ಅದು, ತಪ್ಪುವುದುಂಟೆ?

“ಉಪ್ಪು! ಕಲ್ಲುಪ್ಪು! ಇದು ಕೊಲೆ ಕಣ್ರೀ!”

ಕೊಲೆಗಳ ಸಂಖ್ಯೆ ಆ ಕ್ಷಣಕ್ಕೆ ಹನ್ನೆರಡಾಯಿತು.

ಮೊದಲ ಅನುಮಾನ ಗಂಗಯ್ಯನ ಮೇಲೆ. ಬುಧವಾರ ಅವನು ಮಂಡಿಯ ಜಗುಲಿಯಲ್ಲಿ ಕೊಬ್ಬರಿ ಗಿಟುಕು ಅಲ್ಲಾಡಿಸಿ ಕಿವಿಗಿಟ್ಟು ನೋಡುತ್ತಿದ್ದ.

“ಏನ್ಲಾ ಗಂಗ, ಅಧ್ಯಕ್ಷರು ಬೈದ್ರು ಅಂತ ಮರಕ್ಕೆ ಉಪ್ಪು ಹಾಕ್ದ್ಯಾ?”

“ನಂಗೇನು ಬುದ್ಧಿ ಕೆಟ್ಟದಾ ದಫೇದಾರ್ರೇ? ನನ್ನ ತೋಟದಾಗೆ ನೂರಿಪ್ಪತ್ತು ತೆಂಗವೆ. ಅವಕ್ಕೇ ಈ ವರ್ಷ ಉಪ್ಪು ಕೊಟ್ಟಿಲ್ಲ. ಆ ಕುಳ್ಳನ್ಗೆ ಕೊಡ್ತೀನಾ?”

“ಕೊಡೋದಲ್ಲ, ಕೊಲ್ಲೋದು! ಮಾತು ತಿರುಗಿಸ್ಬೇಡ.”

“ಕೊಲ್ಲೋನಾಗಿದ್ರೆ ಸೀಮೆಎಣ್ಣೆ ಹುಯ್ದು ಬತ್ತಿದ್ದೆ, ಬುಡಿ. ಉಪ್ಪು ಹಾಕೋಕೆ ಪಾತಿ ಗೇಯ್ಬೇಕು, ಮಣ್ಣು ಮುಚ್ಬೇಕು. ಸಾಯ್ಸೋಕೆ ಯಾವನು ಅಷ್ಟು ಮೈ ಬಗ್ಗಿಸ್ತಾನೆ?”

“ನಾಲಿಗೆ ಉದ್ದ ಆಯ್ತು ನಿಂದು,” ಎಂದು ಏಕಾಂತಯ್ಯ ನೋಟ್‌ಬುಕ್ಕಿನಲ್ಲಿ ‘ಉದ್ಧಟ’ ಎಂದು ಬರೆದುಕೊಂಡರು. ಗಂಗಯ್ಯ ಹೇಳಿದ್ದನ್ನು ಬರೆದುಕೊಳ್ಳಲಿಲ್ಲ. ಹನ್ನೆರಡು ಕೊಲೆ ಕಂಡವರು ಗಿಟುಕು ಅಲ್ಲಾಡಿಸುವವನಿಂದ ಕಲಿಯುವುದೇನಿದೆ?

ಎರಡನೆಯ ಅನುಮಾನ ದುರ್ಗಯ್ಯನ ಮೇಲೆ. ರೂಮಿನಲ್ಲಿ ಅವನ ಹೆಂಡತಿ ಹೊಂಬಾಳಮ್ಮ ಆಗಲೇ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು.

“ಇನ್ನೂ ಶುಕ್ರವಾರ ಆಗಿಲ್ವಲ್ಲಮ್ಮ, ಯಾಕೆ ಅವಸರ?”

“ಆಯ್ತದಲ್ಲ ಸಾಮಿ,” ಎಂದಳು ಅವಳು, ಕೈ ನಿಲ್ಲಿಸದೆ.

ದುರ್ಗಯ್ಯ ಹೊರಗೆ ಜಲ್ಲಿ ಗೀರುತ್ತಿದ್ದ. ಮರ ಸತ್ತ ಮೇಲೂ ಗೀರುತ್ತಿದ್ದ.

“ನಿಜ ಹೇಳು ದುರ್ಗಯ್ಯ. ‘ಈ ಮರ ಸಾಕೋದು ಪಾಪದ ಕೆಲಸ’ ಅಂತ ಎಲ್ಲರೆದುರು ಅಂದೋನು ನೀನೇ ಅಲ್ವಾ?”

“ಅಂದಿವ್ನಿ. ವಾರಕ್ಕೊಂದ್ಸಾರಿ ಚಿಗುರು ಬಂತೋ ಅಂತ ಹುಡುಕಿ ಹುಡುಕಿ ಕತ್ತರಿ ಹಾಕ್ಬೇಕು ಸಾಮಿ. ಮೂವತ್ತು ವರ್ಷ ತೆಂಗು ಬೆಳೆಸಿದ ಕೈ ಇದು.”

“ಜಲ್ಲಿ ತುಳೀದೆ ದಿಬ್ಬಕ್ಕೆ ಹೋಗೋಕಾಗ್ತದಾ?”

“ಇಲ್ಲ.”

“ಹಂಗಾದ್ರೆ ಹೆಜ್ಜೆ ಬೀಳ್ಬೇಕು. ಯಾರ ಹೆಜ್ಜೆ ನೋಡಿದ್ಯಾ?”

ಹಲುಬೆ ನಿಂತಿತು.

“ದಿನಾ ಯಾರ್‍ಯಾರೋ ಬತ್ತಾರೆ. ಅಳಿಸಾಕ್ತೀನಿ. ಯಾರದು ಅಂತ ನೋಡಾಕಿಲ್ಲ.”

ಸುಳ್ಳು! ಏಕಾಂತಯ್ಯನವರಿಗೆ ಗೊತ್ತಾಯಿತು. ಅದುವರೆಗೆ ದಾರ ಹಿಡಿದಷ್ಟು ನೇರವಾಗಿದ್ದ ಗೆರೆ ಅಲ್ಲೊಂದು ಕಡೆ ಕೊಕ್ಕೆಯಂತೆ ಡೊಂಕಾಗಿತ್ತು. ಅವನು ಯಾರನ್ನೋ ಬಚ್ಚಿಡುತ್ತಿದ್ದ. ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ. ಅಂಥ ಹೊತ್ತಿನಲ್ಲೂ ಬಚ್ಚಿಡುವಂಥವರು ಯಾರು?

ಗುರುವಾರ ಮಧ್ಯಾಹ್ನ ಊಟಕ್ಕೆ ಕೂತರು. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. ಆ ಸಾರು! ಅದಕ್ಕಿಂತ ಜಪಾನ್ ತೋಟದ ಕಲ್ಲಿನ ನೀರಿಗೆ ಹೆಚ್ಚು ರುಚಿಯಿತ್ತು.

“ವಿಮಲಾ, ಒಂದೇ ಒಂದು ಹರಳು ಕೊಡೇ. ಡಾಕ್ಟ್ರಿಗೆ ನಾನು ಹೇಳಲ್ಲ, ನೀನೂ ಹೇಳ್ಬೇಡ.”

“ಮನೇಲಿ ಉಪ್ಪಿಲ್ಲ ಕಣ್ರೀ,” ಎಂದರು ವಿಮಲಮ್ಮ. ಹಂದನಕೆರೆಯ ತೆಂಗಿನ ತೋಟದಲ್ಲಿ ಹುಟ್ಟಿ ಬೆಳೆದ ಹೆಂಗಸು, ಮಾತು ಕಡಿಮೆ. ಆ ಮನೆಯಲ್ಲಿ ಮಾತಿಗೆ ಅವರ ಪಾಲು ಉಳಿಯುತ್ತಲೂ ಇರಲಿಲ್ಲ. ದಿನಾ ಸಂಜೆ ಜಪಾನ್ ತೋಟಕ್ಕೆ ಹೋಗಿ ಸೇತುವೆ ಪಕ್ಕ ಕೂತು ಬರುವುದೊಂದೇ ಅವರ ತಿರುಗಾಟ. ಮಂಗಳವಾರದಿಂದ ಅದೂ ನಿಂತಿತ್ತು.

“ದುರ್ಗಯ್ಯನ್ನ ಕಳಿಸ್ಬಿಡ್ತಾರಾ?” ಎಂದು ಕೇಳಿದರು.

“ನಾನಿರೋವಾಗ? ಕಳ್ಳ ನನ್ನ ಮುಷ್ಟೀಲವ್ನೆ. ಊರಿಗೆಲ್ಲ ಗೊತ್ತು, ಮನೆ ಬಿಟ್ಟು ಕದಲದ ನಿಂಗೊಬ್ಳಿಗೆ ಗೊತ್ತಿಲ್ಲ. ಮರಾನ ಕೊಂದಿರೋದು ಉಪ್ಪು ಹಾಕಿ.”

ವಿಮಲಮ್ಮನ ಕೈಯ ಸೌಟು ಸಾರಿನ ಪಾತ್ರೆಯೊಳಕ್ಕೆ ಜಾರಿತು.

“ಉಪ್ಪಿಂದಾನಾ?” ಎಂದರು ಮೆಲ್ಲಗೆ. “ಉಪ್ಪಿಂದ ಮರ ಸಾಯ್ತದಾ?”

ಅಷ್ಟು ಹೇಳಿ ಹಿತ್ತಲಿಗೆ ಹೋದರು. ಏಕಾಂತಯ್ಯನವರ ಎಂಜಲು ಕೈ ಎಲೆಯ ಮೇಲೆ ನಿಂತಿತು. ಗೋಡೆಯ ಗೂಡಿನಲ್ಲಿದ್ದ ಉಪ್ಪಿನ ಜಾಡಿಯ ಕಡೆ ಕಣ್ಣು ಹೋಯಿತು. ಎದ್ದು ಮುಚ್ಚಳ ತೆಗೆದರು. ಮುಚ್ಚಿದರು. ಆ ದಿನ ಮುದ್ದೆ ಅರ್ಧಕ್ಕೇ ಉಳಿಯಿತು. ಇದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ, ಸರಿಯಾಗಿ ಅರ್ಧ.

ಶುಕ್ರವಾರ ಸಂಜೆ ಸಮಿತಿ ತೋಟದಲ್ಲೇ ಸೇರಿತು. ಕೊಳದ ಪಕ್ಕ ಮೇಜು, ಕುರ್ಚಿ ಹಾಕಿದ್ದರು. ದುರ್ಗಯ್ಯ ಕೈಕಟ್ಟಿ ನಿಂತಿದ್ದ. ವೀರಭದ್ರಯ್ಯನವರ ಕೈಯಲ್ಲೊಂದು ಟೆಲಿಗ್ರಾಂ.

“ಜಪಾನಿನೋರು ಬರಲ್ವಂತೆ, ಮದರಾಸಿನಿಂದಲೇ ವಾಪಸ್ ಹೋದ್ರಂತೆ. ಆದ್ರೆ ಶಿಸ್ತು ಅನ್ನೋದು ಶಿಸ್ತೇ. ಹೇಳಿ ಏಕಾಂತಯ್ಯನೋರೆ, ಯಾರು?”

ಏಕಾಂತಯ್ಯ ಎದ್ದರು. ಅಂದು ಮೀಸೆ ತಿರುವಲಿಲ್ಲ.

“ಉಪ್ಪನ್ನ ನಾವೆಲ್ಲ ನೋಡಿದ್ವಿ. ಅದು ಎಲ್ಲಿತ್ತು ಅನ್ನೋದನ್ನ ಯಾರೂ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ. ಕೊಲ್ಲೋನು ಬುಡಕ್ಕೆ ಸುರೀತಾನೆ, ಓಡ್ತಾನೆ. ಇಲ್ಲಿ ಬುಡದಾಗೆ ಒಂದು ಹರಳಿಲ್ಲ. ಸುತ್ತ ಪಾತಿ ಮಾಡಿ, ಉಪ್ಪು ಹಾಕಿ, ತೇವ ಆರದಂಗೆ ನಾರು ಮುಚ್ಚಿ, ಮೇಲೆ ಮಣ್ಣು ಎಳೆದವ್ರೆ. ಇದು ಏನು? ನೀವೆಲ್ಲ ತೋಟ ಇರೋರು, ಹೇಳಿ.”

“ತೆಂಗಿಗೆ ಉಪ್ಪು ಕೊಡೋ ಕ್ರಮ,” ಎಂದರು ಕಾರ್ಯದರ್ಶಿ ತೋಂಟದಾರ್ಯ.

“ತೆಂಗಿಗಾದ್ರೆ ಒಂದು ಮಾರು ಬಿಟ್ಟು ಪಾತಿ. ಇಲ್ಲಿ ಒಂದು ಗೇಣು. ಮರ ಚಿಕ್ಕದು ಅಂತ ಯೋಚ್ನೆ ಮಾಡಿ, ಅಳತೆ ಇಳಿಸಿ ಮಾಡವ್ರೆ. ಹಾಕ್ದೋರು ಸಾಯ್ಲಿ ಅಂತ ಹಾಕ್ಲಿಲ್ಲ, ಬೆಳೀಲಿ ಅಂತ ಹಾಕಿದ್ದು. ಗಂಗಯ್ಯ ನನ್ನ ಮುಖದ ಮೇಲೇ ಹೇಳಿದ್ದ, ನಾನು ಕೇಳಿಸ್ಕೊಳ್ಲಿಲ್ಲ. ಇನ್ನು ಉಪ್ಪು. ಯಾರ ಮನೇಲಿ ಇದ್ದಕ್ಕಿದ್ದಂಗೆ ಒಂದು ಜಾಡಿ ಉಪ್ಪು ಬೇಡ ಆಗ್ತದೆ? ಡಾಕ್ಟ್ರು ಉಪ್ಪು ನಿಲ್ಸಿದ ಮನೇಲಿ. ಹೋದ ತಿಂಗಳು ನಾನೇ ತುಂಬಿಸಿದ ಜಾಡಿ ಈವತ್ತು ಖಾಲಿ ಐತೆ. ಮೂರು ವಾರ ಸಪ್ಪೆ ತಿಂದ ನಾಲಿಗೆ, ಆ ಉಪ್ಪು ಎಲ್ಲಿ ಹೋಯ್ತು ಅಂತ ಒಂದು ದಿನ ಕೇಳ್ಲಿಲ್ಲ. ದುರ್ಗಯ್ಯನ್ನ ಬುಟ್ಟುಬಿಡಿ. ಮಾಡಿದ್ದು ನನ್ನ ಹೆಂಡ್ತಿ ವಿಮಲಮ್ಮ.”



ಮೊದಲು ವೀರಭದ್ರಯ್ಯ ನಕ್ಕರು. ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಅಕ್ಕರೆಯ ನಗೆ.

“ಕತೆ ಕಟ್ಟೋದ್ರಾಗೆ ನಿಮ್ಮನ್ನ ಮೀರ್ಸೋರಿಲ್ಲ ಬುಡಿ! ರೈಲುಗಳ್ಳರ ಕತೇನ ಇದು ಮೀರಿಸ್ತು. ಒಬ್ಬ ಮಾಲೀನ ಉಳಿಸೋಕೆ ಮನೆಯೋರ ಮೇಲೇ ಹಾಕೋದಾ?”

“ಕತೆ ಅಲ್ಲ ಕಣ್ರೀ! ನಿಜ! ಬಸವಣ್ಣನಾಣೆ!”

“ಹನ್ನೊಂದು ಕೊಲೆಗೂ ಇದೇ ಆಣೆ ಇತ್ತಲ್ಲ,” ಎಂದರು ತೋಂಟದಾರ್ಯ.

ಆಗ ಸೇತುವೆಯ ಆಚೆಯಿಂದ ವಿಮಲಮ್ಮ ಬಂದರು. ಸೆರಗು ಹೊದ್ದು, ಖಾಲಿ ಜಾಡಿಯನ್ನು ಕಂಕುಳಲ್ಲಿ ಹಿಡಿದಿದ್ದರು.

“ನಾನೇ ಹಾಕಿದ್ದು. ನಲವತ್ತು ವರ್ಷ ಆಗೈತಂತೆ, ಇಷ್ಟೇ ಇಷ್ಟು ಇತ್ತು. ಹೊಟ್ಟೆಗಿಲ್ದೆ ಹಿಂಗಾಗೈತೆ ಅಂದ್ಕೊಂಡೆ. ನಮ್ಮಪ್ಪ ಸೊರಗಿದ ತೆಂಗಿಗೆ ಹಿಂಗೇ ಮಾಡೋರು.” ಜಾಡಿಯನ್ನು ತಲೆಕೆಳಗು ಮಾಡಿ ತೋರಿಸಿದರು. “ಬೇಕು ಅಂತ್ಲೇ ಕುಳ್ಳಗಿಟ್ಟಿರ್ತಾರೆ ಅಂತ ನಂಗೆ ಯಾರೂ ಹೇಳ್ಲಿಲ್ಲ.”

ವೀರಭದ್ರಯ್ಯ ಕೈ ಮುಗಿದರು. “ತಾಯೀ, ನಿಮ್ಮಂಥ ಹೆಂಡ್ತಿ ಪಡೆಯೋಕೆ ಪುಣ್ಯ ಮಾಡಿರ್ಬೇಕು. ಹೇಳ್ಕೊಟ್ಟಿದ್ದನ್ನ ಒಂದಕ್ಷರ ತಪ್ಪದೆ ಒಪ್ಪಿಸಿದ್ರಿ. ಲೇ ದುರ್ಗ, ದಿನವೆಲ್ಲ ಇಲ್ಲೇ ಇರೋನು ನೀನು. ಅಮ್ನೋರು ಉಪ್ಪು ಹಾಕಿದ್ದನ್ನ ನೋಡಿದ್ಯಾ?”

ದುರ್ಗಯ್ಯ ವಿಮಲಮ್ಮನನ್ನು ನೋಡಿದ. ಜಾಡಿಯನ್ನು ನೋಡಿದ.

“ಇಲ್ಲ ಬುದ್ಧಿ.”

ಮುಗಿಯಿತು. ಬೀಗದ ಕೈ, ಹಲುಬೆ, ಚಿಗುರು ಕತ್ತರಿಸುವ ಪುಟ್ಟ ಕತ್ತರಿ ಮೂರನ್ನೂ ಅವನು ಮೇಜಿನ ಮೇಲಿಟ್ಟ.

ಗೇಟಿನ ಹತ್ತಿರ ಏಕಾಂತಯ್ಯ ಅವನ ತೋಳು ಹಿಡಿದರು. “ಯಾಕ್ಲಾ ಇಲ್ಲ ಅಂದೆ?”

“ಹೂಂ ಅಂದಿದ್ರೆ, ನೋಡ್ಕೊಂಡು ಸುಮ್ಕಿದ್ದ ಅಂತ ಕಳಿಸೋರು. ಇಲ್ಲ ಅಂದ್ರೆ, ನೀನೇ ಅಂತ ಕಳಿಸೋರು. ಹೋಗೋದು ಹೆಂಗೂ ನಾನೇ. ಅಮ್ನೋರ ಹೆಸರ್‍ಯಾಕೆ ಊರ ಬಾಯಿಗೆ ಬೀಳ್ಬೇಕು?” ಗೋಣಿಯನ್ನು ತಲೆಗೇರಿಸಿಕೊಂಡ. “ಉಪ್ಪಿನ ಮೇಲೆ ಎರಡು ಕೊಡ ನೀರು ಹುಯ್ದೋನು ನಾನೇ ಸಾಮಿ. ನಂಗೂ ಅದು ಒಂದೇ ಒಂದು ಗೇಣಾದ್ರೂ ಬೆಳೀಲಿ ಅನ್ನಿಸ್ತು.”

ಹೊಂಬಾಳಮ್ಮ ಆಗಲೇ ಮುಂದೆ ನಡೆದಿದ್ದಳು. ಎಲ್ಲಿಗೆಂದು ಅವನು ಹೇಳಲಿಲ್ಲ.

ಹೊಸ ಮಾಲಿಯನ್ನು ಸಮಿತಿ ಗೊತ್ತುಮಾಡಲಿಲ್ಲ. ಮಳೆ ಬಿದ್ದು ಜಲ್ಲಿಯ ಅಲೆಗಳು ಅಳಿಸಿಹೋದವು. ಗಂಗಯ್ಯ ಅಲ್ಲಿ ರಾಜಾರೋಷವಾಗಿ ಕೊಬ್ಬರಿ ಒಣಗಿಸಿದ, ಯಾರೂ ಬೈಯಲಿಲ್ಲ. ಡಾಕ್ಟರು ಮತ್ತೆ ಚಿಟಿಕೆ ಉಪ್ಪಿಗೆ ಒಪ್ಪಿಗೆ ಕೊಟ್ಟರೂ ವಿಮಲಮ್ಮ ಆ ಜಾಡಿ ತುಂಬಿಸಲಿಲ್ಲ, ಏಕಾಂತಯ್ಯ ಕೇಳಲೂ ಇಲ್ಲ.

ಒಂದು ದಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾರೋ ಹಳೆಯ ಚಾಳಿಯಂತೆ ಅವರನ್ನು ಕೆಣಕಿದರು.

“ದಫೇದಾರ್ರೇ, ಒಟ್ಟು ಎಷ್ಟು ಕೊಲೆ ಪತ್ತೆ ಮಾಡಿದ್ರಿ? ಹದಿನೈದು ದಾಟ್ತಾ?”

ಏಕಾಂತಯ್ಯ ಕಾಫಿ ಲೋಟ ಕೆಳಗಿಟ್ಟರು.

“ಒಂದು,” ಎಂದರು.

ಯಾರೂ ನಂಬಲಿಲ್ಲ.