ಬಾಂಬೆ ಕಾಗದದಲ್ಲಿ ಸುತ್ತಿದ ಶಾಫ್ಟು

೧೯೮೧ರ ಫೆಬ್ರವರಿ ೧೭, ಮಂಗಳವಾರ. ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಚನ್ನಗಿರಿ ಠಾಣೆಗೆ ಬಂದ ಜವಳಿ ಅಂಗಡಿ ಜಯದೇವಪ್ಪನವರು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಡುಕಾಟಿ ಹೊಟ್ಟೆ ಬಗೆದಾರೆ ಸಾಹೇಬ್ರೇ," ಎಂದರು.

ಹದಿನೈದು ದಿನದ ಹಿಂದಷ್ಟೇ ವರ್ಗವಾಗಿ ಬಂದಿದ್ದ ಕಾನ್‌ಸ್ಟೇಬಲ್ ದೊಡ್ಡಣ್ಣ, ಅದು ಎಮ್ಮೆಯ ಹೆಸರಿರಬೇಕೆಂದುಕೊಂಡು ಪಶುವೈದ್ಯರನ್ನು ಕರೆಯಲೇ ಎಂದು ಕೇಳಿದ. ಇನ್ಸ್‌ಪೆಕ್ಟರ್ ಮಲ್ಲಿಕಾರ್ಜುನಪ್ಪನವರು ನಗು ತಡೆದುಕೊಂಡರು. ಅವರಿಗೆ ಆ ಗಾಡಿ ಗೊತ್ತಿತ್ತು. ಇಟಲಿ ದೇಶದ ಕೆಂಪು ಮೋಟಾರ್ ಸೈಕಲ್ಲು, ೧೯೬೫ರ ಮಾಡೆಲ್ಲು, ರೇಸಿಗೆಂದೇ ಹುಟ್ಟಿದ ಜಾತಿ. ಸ್ವದೇಶಕ್ಕೆ ಹೊರಟಿದ್ದ ವಿದೇಶಿ ಎಂಜಿನಿಯರೊಬ್ಬರಿಂದ ಜಯದೇವಪ್ಪನವರು ಕೊಂಡಿದ್ದರು. ಅಂಥ ಗಾಡಿಯನ್ನು ಅವರು ಭಾನುವಾರ ಸಂಜೆ ನಲ್ಲೂರಿನವರೆಗೆ ಮೂವತ್ತೈದು ಮೈಲಿ ವೇಗದಲ್ಲಿ, ಬಸುರಿ ಹೆಂಗಸನ್ನು ಗಾಡಿಯಲ್ಲಿ ಕೂರಿಸಿಕೊಂಡವರ ಹಾಗೆ ಓಡಿಸಿ ವಾಪಸು ತರುತ್ತಿದ್ದರು.

ಹಿಂದಿನ ದಿನ ಮನೆಮಂದಿಯೆಲ್ಲ ಕೆರೆಬಿಳಚಿಗೆ ಮದುವೆಗೆ ಹೋಗಿದ್ದರು. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರೊಳಗೆ ಯಾರೋ ಷೆಡ್ಡಿಗೆ ನುಗ್ಗಿ, ಎಂಜಿನ್ನಿನ ಪಕ್ಕದ ಕೊಳವೆಯೊಳಗಿದ್ದು ವಾಲ್ವುಗಳನ್ನು ಆಡಿಸುವ ಶಾಫ್ಟನ್ನು ಅದರ ತುದಿಯ ಹಲ್ಲಿನ ಗೇರಿನ ಸಮೇತ ಬಿಚ್ಚಿಕೊಂಡು ಹೋಗಿದ್ದರು. ಅಂಗೈಗಿಂತ ತುಸು ಉದ್ದದ ಸಾಮಾನು. ಭಾರತೀಯ ದಂಡ ಸಂಹಿತೆ ಕಲಂ ೩೮೦ರ ಅಡಿ ಎಫ್‌ಐಆರ್ ದಾಖಲಾಯಿತು.

"ಶುಕ್ರವಾರ ಜಗಳೂರಿನ ಮುರುಗೇಶಪ್ಪ ದುಡ್ಡು ಕೊಟ್ಟು ಗಾಡಿ ಒಯ್ಯಾಕೆ ಬರ್ತಾನೆ. ಮುಂದಿನ ತಿಂಗಳು ಮದರಾಸಿನ ಕಡೆ ರೇಸಿಗೆ ಇಳಿಸ್ತಾನಂತೆ. ಈಗ ಏನು ತೋರಿಸ್ಲಿ?"

ಹನ್ನೆರಡು ಗಂಟೆಗೆ ಪಂಚನಾಮೆ ನಡೆಯಿತು. ಷೆಡ್ಡಿನ ಬೀಗ ಒಡೆದಿರಲಿಲ್ಲ. ಬೀಗದ ಕೈ ಬಾಗಿಲಿನ ಮೇಲಿನ ಗೂಡಿನಲ್ಲಿ ಇಟ್ಟ ಹಾಗೇ ಇತ್ತು. ನೆಲದ ಮೇಲೆ ಒಂದು ತೊಟ್ಟು ಆಯಿಲ್ ಬಿದ್ದಿರಲಿಲ್ಲ. ಬಿಚ್ಚಿದ ಮುಚ್ಚಳವನ್ನು ಕಳ್ಳ ಮತ್ತೆ ಕೂರಿಸಿ ಸ್ಕ್ರೂ ಬಿಗಿದಿದ್ದ. ಎಲ್ಲಕ್ಕಿಂತ ವಿಚಿತ್ರವೆಂದರೆ, ಕಿಕ್ ಹೊಡೆಯುವ ಕಡ್ಡಿಯನ್ನು ಅಲ್ಲಾಡದ ಹಾಗೆ ತಂತಿಯಿಂದ ಕಟ್ಟಿದ್ದ. ಆ ತಂತಿ ನೋಡಿಯೇ ಜಯದೇವಪ್ಪನವರಿಗೆ ಅನುಮಾನ ಬಂದು, ಮುಚ್ಚಳ ಬಿಚ್ಚಿ ನೋಡಿದ್ದು.

"ಕದಿಯಾಕೆ ಬಂದೋನು ಇಷ್ಟು ಮರ್ಯಾದೆ ಯಾಕೆ ಕೊಟ್ಟ ಸಾರ್?" ಎಂದ ದೊಡ್ಡಣ್ಣ.

"ಬರೀ ಕಳ್ಳ ಅಲ್ಲ ಇವನು," ಎಂದರು ಇನ್ಸ್‌ಪೆಕ್ಟರ್. "ಗಾಡಿ ರಿಪೇರಿ ಯಾರು ಮಾಡ್ತಾರೆ?"

"ಹೊನ್ನಾಳಿ ಧರ್ಮಪ್ಪ. ಅವನ ಮೇಲೆ ಅನುಮಾನ ಪಡಬ್ಯಾಡ್ರಿ. ಹಳೇದು ಹೋದಾಗ ಆ ಶಾಫ್ಟನ್ನ ಬಾಂಬೆಯಿಂದ ತರಿಸಿಕೊಟ್ಟೋನೇ ಅವನು. ಕೇಬಲ್, ಕ್ಲಚ್ ಪ್ಲೇಟು, ಎಲ್ಲಾ ಅವನೇ ತರಿಸೋದು."

ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಹೊನ್ನಾಳಿ ಬಸ್ ನಿಲ್ದಾಣದ ಹಿಂದಿನ ಧರ್ಮಪ್ಪನ ಷಾಪಿಗೆ ಹೋದರು. ತಗಡಿನ ಸೂರು, ಹಳೆಯ ಲೇತು, ಗೋಡೆಯ ತುಂಬ ಅಳತೆ ಪ್ರಕಾರ ತೂಗುಹಾಕಿದ ಅರಗಳು. ನಲವತ್ತು ದಾಟಿದ ಧರ್ಮಪ್ಪ ಪಂಪ್‌ಸೆಟ್ಟೊಂದನ್ನು ಬಿಚ್ಚಿಕೊಂಡು ಕೂತಿದ್ದ.

"ಜಯದೇವಪ್ಪನವರ ಗಾಡಿ ಸಾಮಾನು ಒಂದು ಕಳುವಾಗೈತೆ," ಎಂದರು ಇನ್ಸ್‌ಪೆಕ್ಟರ್.

"ಪಾಪ. ದಣಿಗಳಿಗೆ ಪ್ರಾಣ ಅದು."

"ಕಿಕ್ಕಿಗೆ ತಂತಿ ಕಟ್ಟಿದ್ರು. ಯಾಕಿರಬಹುದು?"

ಮೇಸ್ತ್ರಿಗೆ ಕೆಲಸದ ಮಾತು ಕೇಳಿದರೆ ಬಾಯಿ ತಡೆಯುವುದಿಲ್ಲ. ಧರ್ಮಪ್ಪನ ಮುಖ ಅರಳಿತು.

"ಶಾಫ್ಟಿಲ್ದೆ ಕಿಕ್ ಹೊಡೆದ್ರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿತೈತೆ ಸಾರ್. ವಾಲ್ವ್ ಬಾಗಿದ್ರೆ ಎಂಜಿನ್ನೇ ಹೋಯ್ತು. ಅದಕ್ಕೇ..."

ಅಷ್ಟಕ್ಕೆ ನಿಲ್ಲಿಸಿದ. ಕಳುವಾದದ್ದು ಶಾಫ್ಟು ಎಂದು ಇನ್ಸ್‌ಪೆಕ್ಟರ್ ಹೇಳಿರಲಿಲ್ಲ. ಇಬ್ಬರಿಗೂ ಅದು ತಿಳಿಯಿತು. ಆದರೂ ಅವರು ನಮಸ್ಕಾರ ಹೇಳಿ ಹೊರಬಂದರು. ಬಾಯಿ ತಪ್ಪಿ ಬಂದ ಮಾತನ್ನು ಯಾವ ಕೋರ್ಟೂ ಸಾಕ್ಷಿ ಎನ್ನುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಇವನು ಯಾಕೆ ಕದ್ದ ಎಂಬುದು ಅವರಿಗೆ ಬಗೆಹರಿದಿರಲಿಲ್ಲ.

ಅಂದು ನಾಲ್ಕು ಗಂಟೆಗೆ ಜಯದೇವಪ್ಪನವರ ಪತ್ನಿ ನಿರ್ಮಲಮ್ಮನವರ ಹೇಳಿಕೆ ಪಡೆಯಲು ಮತ್ತೆ ಮನೆಗೆ ಹೋದರು. ಅಡುಗೆಮನೆಯ ಕಪಾಟಿನಲ್ಲಿ ಪಾತ್ರೆಗಳ ಕೆಳಗೆ ಇಂಗ್ಲಿಷ್ ಪೇಪರಿನ ಹಾಳೆಗಳನ್ನು ಹಾಸಿದ್ದು ಕಂಡಿತು.

"ನಿಮ್ಮಲ್ಲಿ ಇಂಗ್ಲಿಷ್ ಪೇಪರ್ ಯಾರು ಓದ್ತಾರಮ್ಮ?"

"ಓದಾಕೆ ಎಲ್ಲಿಂದ ಬರ್ಬೇಕು ಸಾಹೇಬ್ರೇ? ಗಾಡಿ ಸಾಮಾನು ಸುತ್ತಿ ಬಂದಿದ್ವು. ಬಾಂಬೆ ಕಾಗದ, ಬಿಸಾಡಬ್ಯಾಡ ಅಂತ ಇವರ ಅಪ್ಪಣೆ. ಇದು ಶಾಫ್ಟಿಂದು, ಎಪ್ಪತ್ಮೂರರಾಗೆ ಬಂದಿದ್ದು. ಇದು ಎಪ್ಪತ್ತಾರರಾಗೆ. ಇದು ಹೋದ ವರ್ಷದ್ದು."

ಇನ್ಸ್‌ಪೆಕ್ಟರ್ ಪಾತ್ರೆ ಸರಿಸಿ ನೋಡಿದರು. ಮೂರು ಹಾಳೆಗಳ ನೆತ್ತಿಯ ಮೇಲೂ ಒಂದೇ ತಾರೀಖು: ೧೯೭೨ರ ಆಗಸ್ಟ್ ೧೨. ಏಳೆಂಟು ವರ್ಷ ಒಂದೇ ದಿನದ ಪೇಪರಿನಲ್ಲಿ ಸಾಮಾನು ಕಟ್ಟಿಕೊಡುವ ಅಂಗಡಿ ಬಾಂಬೆಯಲ್ಲೂ ಇರಲಾರದು.

ಗುರುವಾರ, ಫೆಬ್ರವರಿ ೧೯, ಬೆಳಗ್ಗೆ ಹತ್ತು ಗಂಟೆಗೆ ಸರ್ಚ್ ವಾರೆಂಟು, ಇಬ್ಬರು ಪಂಚರೊಂದಿಗೆ ಮತ್ತೆ ಹೊನ್ನಾಳಿಯ ಷಾಪಿಗೆ ಹೋದರು. ಧರ್ಮಪ್ಪನ ಹೆಂಡತಿ ಕರಿಬಸಮ್ಮ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ಹುಡುಕುವ ಕಷ್ಟವನ್ನು ಧರ್ಮಪ್ಪ ಕೊಡಲಿಲ್ಲ. ತಾನೇ ತಗಡಿನ ಟ್ರಂಕನ್ನು ಎಳೆದು ತೆರೆದ. ಒಳಗೆ ಆಗಸ್ಟ್ ೧೨ರ ಪೇಪರಿನ ಅರ್ಧ ಕಟ್ಟು, ಅದರ ಮೇಲೆ ಎಣ್ಣೆ ಸವರಿ ಸುತ್ತಿಟ್ಟ ಶಾಫ್ಟು.

"ದಾವಣಗೆರೆ ಗುಜರಿಯಾಗೆ ತಂದ ಕಟ್ಟು," ಎಂದ.

"ಶಾಫ್ಟು?"

"ನಾನೇ ಮಾಡಿದ್ದು ಸಾರ್. ನ್ಯಾಮತಿ ರಸ್ತೆಯಾಗೆ ಲಾರಿಯೊಂದು ಮಗುಚಿತ್ತು. ಅದರ ಆಕ್ಸಲ್ ಕಬ್ಬಿಣ. ಹಲ್ಲು ಅರದಾಗೆ ಉಜ್ಜಿದ್ದು. ಇಪ್ಪತ್ತಾರು ದಿನ ಹಿಡೀತು."

"ಬಾಂಬೆ ಅಂತ ಯಾಕೆ ಹೇಳಿದೆ?"

ಧರ್ಮಪ್ಪ ನೆಲ ನೋಡಿದ. "ಮೊದಲು ಇದ್ದಂಗೇ ಹೇಳಿದ್ದೆ. ನಾನು ಮಾಡೀನಿ ದಣಿ, ನೋಡ್ರಿ ಅಂತ ಕೈಗೆ ಕೊಟ್ಟೆ. ನೋಡ್ಲೂ ಇಲ್ಲ. ಇಟಲಿ ಗಾಡಿಗೆ ನಿನ್ನ ಕೈಯಾಗಿನ ಕಬ್ಬಿಣ ಹಾಕ್ತೀಯೇನೋ ಅಂತ ಚರಂಡಿಗೆ ಒಗೆದ್ರು. ಎತ್ಕೊಂಡು ಬಂದು ತೊಳೆದೆ. ಹನ್ನೆರಡು ದಿನ ಬಿಟ್ಟು ಅದನ್ನೇ ಈ ಪೇಪರ್‌ನಾಗೆ ಸುತ್ತಿ ಒಯ್ದೆ. ಕಣ್ಣಿಗೊತ್ಕೊಂಡ್ರು."

"ದುಡ್ಡು ಬಾಂಬೆ ರೇಟಿನಲ್ಲೇ ತಗೊಂಡೆಯೇನು?"

"ಕಡಿಮೆ ತಗೊಂಡಿದ್ರೆ ನಂಬ್ತಿರಲಿಲ್ಲ ಸಾರ್."

ಹಿತ್ತಲ ಗಿಡ ಮದ್ದಲ್ಲ ಎಂದು ಅಜ್ಜಂದಿರು ಸುಮ್ಮನೆ ಹೇಳಲಿಲ್ಲ. ದೊಡ್ಡಣ್ಣ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ.

"ಸರಿ, ಎಂಟು ವರ್ಷ ಓಡಿದೆಯಲ್ಲ. ಈಗ ಕದ್ದದ್ದು ಯಾಕೆ?"

"ದಣಿ ಮೂವತ್ತೈದು ಮೈಲಿ ದಾಟೋರಲ್ಲ. ಅಷ್ಟಕ್ಕೆ ಇನ್ನೂ ಹತ್ತು ವರ್ಷ ತಡೀತೈತೆ. ಮುರುಗೇಶಪ್ಪನೋರು ತೊಂಬತ್ತಕ್ಕೆ ಬಿಡ್ತಾರೆ. ತೊಂಬತ್ತಕ್ಕೆ ನನ್ನ ಹಲ್ಲು ಮುರೀತಾವೆ ಸಾರ್, ನಂಗೊತ್ತು. ಎಂಜಿನ್ ಹಿಡ್ಕೊಂಡು ಹಿಂದಿನ ಚಕ್ರ ನಿಂತ್ರೆ ಮನುಷ್ಯ ಉಳಿಯಲ್ಲ. ಹೇಳಾಕೆ ಎರಡು ಸಲ ಚನ್ನಗಿರಿಗೆ ಹೋದೆ. ಹೇಳಿದ್ರೆ ಇಷ್ಟು ವರ್ಷ ಕೊಟ್ಟಿದ್ದೆಲ್ಲಾ ಸುಳ್ಳಾಗ್ತೈತೆ. ನಾಳಿಂದ ಒಂದು ಸೈಕಲ್ಲೂ ನನ್ನ ಷಾಪಿಗೆ ಬರಲ್ಲ. ಅಂಗಡಿ ಬಾಗಿಲ ತಂಕ ಹೋಗಿ ವಾಪಸ್ ಬಂದೆ. ಶಾಫ್ಟು ಇಲ್ದಿದ್ರೆ ವ್ಯಾಪಾರ ಮುರೀತೈತೆ, ಬಾಂಬೆಯಾಗೂ ಸಿಗ್ತಿಲ್ಲ ಅಂದ್ರಾಯ್ತು ಅನ್ಕೊಂಡೆ."

ಹನ್ನೊಂದೂ ನಲವತ್ತಕ್ಕೆ ಧರ್ಮಪ್ಪನನ್ನು ದಸ್ತಗಿರಿ ಮಾಡಲಾಯಿತು. ಜೀಪು ಹತ್ತುವ ಮುಂಚೆ ಅವನು ಗೋಡೆಯ ಅರಗಳಿಗೆ ಎಣ್ಣೆ ಹಚ್ಚಿಡುವಂತೆ ಹೆಂಡತಿಗೆ ಹೇಳಿದ.

ಮಧ್ಯಾಹ್ನ ಠಾಣೆಯಲ್ಲಿ ಜಯದೇವಪ್ಪನವರು ಧರ್ಮಪ್ಪನ ಹೇಳಿಕೆ ಓದಿಸಿ ಕೇಳಿದರು. ಮೊದಲು ಮೋಸ, ದ್ರೋಹ ಎಂದು ಕೂಗಾಡಿದರು. ಆಮೇಲೆ ಮೇಜಿನ ಮೇಲಿದ್ದ ಶಾಫ್ಟನ್ನು ಎತ್ತಿಕೊಂಡು, ಗೇರಿನ ಹಲ್ಲುಗಳ ಮೇಲೆ ಬೆರಳಾಡಿಸಿದರು.

"ನಾನು ಚರಂಡಿಗೆ ಎಸೆದಿದ್ದು ಇದೇನಾ?"

"ಇದೇ ದಣಿ," ಎಂದ ಮೂಲೆಯಲ್ಲಿ ನಿಂತಿದ್ದ ಧರ್ಮಪ್ಪ.

ಅವರು ಶಾಫ್ಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟರು. ಕೇಸು ಹಿಂದಕ್ಕೆ ತಗೊಳ್ಳಾಕೆ ಆಗ್ತೈತಾ ಎಂದು ಬಾಗಿಲ ಹತ್ತಿರ ಹೋದ ಮೇಲೆ ಕೇಳಿದರು. ಎಫ್‌ಐಆರ್ ಆಗಲೇ ಮ್ಯಾಜಿಸ್ಟ್ರೇಟರಿಗೆ ಹೋಗಿತ್ತು. ಆ ಮಾತನ್ನು ಕೋರ್ಟಿನಲ್ಲಿ ಹೇಳಿ ಎಂದರು ಇನ್ಸ್‌ಪೆಕ್ಟರ್.

ಸಂಜೆ ಜಗಳೂರು ಠಾಣೆಯಿಂದ ವೈರ್‌ಲೆಸ್ ಉತ್ತರ ಬಂತು. ಮುರುಗೇಶಪ್ಪನಿಗೆ ಎಲ್ಲವನ್ನೂ ತಿಳಿಸಲಾಗಿದೆ, ಲೋಕಲ್ ಸಾಮಾನು ಹಾಕಿದ ಗಾಡಿ ತನಗೆ ಬೇಡವೆಂದಿದ್ದಾನೆ. ತನ್ನ ಜೀವ ಉಳಿಸಿದವನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಇನ್ಸ್‌ಪೆಕ್ಟರಿಗೆ ನಿಜವಾಗಿಯೂ ಬೇಸರವಾಯಿತು.

ದೊಡ್ಡಣ್ಣ ಜಪ್ತಿ ಪಟ್ಟಿಯನ್ನು ತಂದಿಟ್ಟ. 'ಇಟಲಿ ದೇಶದ ಗೇರ್ ಶಾಫ್ಟು, ಒಂದು' ಎಂದು ಬರೆದಿದ್ದ. ಇನ್ಸ್‌ಪೆಕ್ಟರ್ ಅದನ್ನು ಹೊಡೆದುಹಾಕಿ, ಮೇಲೆ ತಮ್ಮ ಕೈಯಾರೆ ಬರೆದು, ಸಹಿ ಮಾಡಿಸಲು ಧರ್ಮಪ್ಪನ ಮುಂದಿಟ್ಟರು: 'ಹೊನ್ನಾಳಿಯ ಮೇಸ್ತ್ರಿ ಧರ್ಮಪ್ಪನವರು ತಯಾರಿಸಿದ ಗೇರ್ ಶಾಫ್ಟು, ಒಂದು.'

ಇಷ್ಟು ವರ್ಷದಲ್ಲಿ ಅವನ ಕೆಲಸದ ಮೇಲೆ ಅವನ ಹೆಸರು ಬಿದ್ದದ್ದು ಅದೇ ಮೊದಲು, ಅದೂ ಕಳವು ಮಾಲಿನ ಪಟ್ಟಿಯಲ್ಲಿ. ಧರ್ಮಪ್ಪ ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದ. ಆಮೇಲೆ ಕೈಯನ್ನು ಅಂಗಿಗೆ ಒರೆಸಿಕೊಂಡು ಸಹಿ ಮಾಡಿದ.