ಐದನೆಯ ಆಟ

"ಮಗು ಒಳಗೆ ಸಿಕ್ಕಿಹಾಕ್ಕೊಂಡಿದೆಯಾ?"

ಜಾರುಬಂಡೆಯ ಕೊಳವೆಗೆ ಬಗ್ಗಿ ಕೇಳಿದ ಗಂಡಸಿನ ದನಿಯಲ್ಲಿ ಗಾಬರಿಯಿತ್ತು.

"ಮಗು ಅಲ್ಲ... ನಾನು!"

ಆತ ಕಾಲು ಹಿಡಿದು ಎಳೆದ. ಬೂಟು ಮಾತ್ರ ಕೈಗೆ ಬಂತು. ಮತ್ತೆ ಎಳೆದ. ಮೂವತ್ತಾರು ವರ್ಷದ ಟಾಮ್ಸಿನ್, ಕಡಲತೀರದ ಊರು ಮೋರ್‌ಕಾಂಬ್‌ನ ಉದ್ಯಾನದ ಒದ್ದೆ ಮರಳಿನ ಮೇಲೆ ಬಂದು ಬಿದ್ದಳು.

ನಗು ತಡೆಯಲು ಅವನು ಪಡುತ್ತಿದ್ದ ಕಷ್ಟ ಕಂಡು ಅವಳ ಕಿವಿ ಬಿಸಿಯಾಯಿತು.

"ನಕ್ಕುಬಿಡಿ. ಬ್ಯಾಡ್ಜಿಗೋಸ್ಕರ ಮಾಡಿದ್ದು."

"ಜಾರೋದಕ್ಕೆ ಬ್ಯಾಡ್ಜಾ?!"

"ಐದು ಆಟ ಆಡಿದ್ರೆ ಒಂದು. ದೊಡ್ಡವರ ಕ್ಲಬ್ಬು. ಮಂಗಳವಾರ, ಚರ್ಚಿನ ಪಕ್ಕದ ಕೊಠಡೀಲಿ."

ಮುಂದಿನ ಮಂಗಳವಾರ ಅವನು ಬಂದ. ಹೆಸರು ಕೀರನ್. ದೋಣಿಗಳಿಗೆ ಬಣ್ಣ ಬಳಿಯುವವನು.

ಆ ಕ್ಲಬ್ಬಿನಲ್ಲಿ ಪರೀಕ್ಷಿಸುವವರು ಯಾರೂ ಇಲ್ಲ. ಮಾಡಿದೆ ಎಂದು ನೀವು ಹೇಳಿದರೆ ಸಾಕು. ಹಿರಿಯಳಾದ ಬ್ರೆಂಡಾ ಡಬ್ಬಿಯಿಂದ ಬ್ಯಾಡ್ಜು ತೆಗೆದುಕೊಡುತ್ತಾಳೆ. ಬ್ಯಾಡ್ಜು ಹಚ್ಚಲೆಂದೇ ಒಬ್ಬೊಬ್ಬರಿಗೂ ಒಂದೊಂದು ಕಂಬಳಿ; ನಿಮ್ಮದಕ್ಕೆ ನೀವೇ ಹೊಲಿದುಕೊಳ್ಳುತ್ತೀರಿ. ಅದಕ್ಕೇ ಅಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ.

ಟಾಮ್ಸಿನ್‌ಳ ಕಂಬಳಿ ಇನ್ನೂ ಬೋಳು. ಗಾಳಿಪಟ, ಸೋಪಿನ ಗುಳ್ಳೆ, ಕುಂಟೆಬಿಲ್ಲೆ, ಜಾರುಬಂಡೆ ಮುಗಿದಿದ್ದವು. ಐದನೆಯದು ಮೂರುಕಾಲಿನ ಓಟ. ಒಬ್ಬರ ಕಾಲಿಗೆ ಇನ್ನೊಬ್ಬರ ಕಾಲು ಕಟ್ಟಿಕೊಂಡು ಓಡುವುದು; ಅದಕ್ಕೆ ಜೊತೆ ಬೇಕು.

ಗಂಡ ಓವನ್ ತೀರಿಕೊಂಡು ಎರಡು ವರ್ಷ. ಜೊತೆ ಬೇಕಾದದ್ದನ್ನೆಲ್ಲ ಅವಳು ಬಿಟ್ಟಿದ್ದಳು.

ಆರು ವಾರ ಕಳೆದವು. ಒಂದು ಮಂಗಳವಾರ ಚಹಾದ ಹೊತ್ತಿಗೆ ಕೀರನ್ ಅವಳ ಕೈಗೆ ಪುಟ್ಟ ಪೊಟ್ಟಣ ಇಟ್ಟ. ಒಳಗೆ ಆಟದ ಬ್ಯಾಡ್ಜು!

"ನಾಲ್ಕು ಆಗಿದೆಯಲ್ಲ... ಹೊಲ್ಕೊಂಡುಬಿಡಿ. ಯಾರು ಕೇಳ್ತಾರೆ?"

ಬ್ರೆಂಡಾ ಚಮಚ ಕೆಳಗಿಟ್ಟು ಇತ್ತ ತಿರುಗಿದಳು.

ಎರಡು ವರ್ಷದಿಂದ ಊರಿನವರು ಅವಳ ಅಡುಗೆ ಮಾಡಿದ್ದರು, ಅರ್ಜಿ ತುಂಬಿದ್ದರು, ಅವಳ ಮಾತನ್ನೂ ತಾವೇ ಮುಗಿಸಿಕೊಟ್ಟಿದ್ದರು. ಇದೊಂದನ್ನಾದರೂ ಅವಳು ತಾನೇ ಮಾಡಬೇಕೆಂದಿದ್ದಳು.

"ನೀವೂ... ಅಯ್ಯೋ ಪಾಪ ಅಂದುಬಿಟ್ರಾ?"

ಬ್ಯಾಡ್ಜನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

"ಕತ್ತೆ!" ಬ್ರೆಂಡಾ ಗುಡುಗಿದಳು. "ನನ್ನ ಡಬ್ಬಿಗೆ ಕೈ ಹಾಕಿದ್ದು ಸಾಲದು ಅಂತ ಇದು ಬೇರೆ! ಕೇಕ್ ಕೊಟ್ಟಿದ್ರೆ ಆಗ್ತಿರಲಿಲ್ವೇನೋ?"

ಶನಿವಾರ ಬೆಳಿಗ್ಗೆ ಟಾಮ್ಸಿನ್ ಕಡಲ ದಂಡೆಯಲ್ಲಿ ನಡೆಯುತ್ತಿದ್ದಳು. ಕೀರನ್ ಎದುರಿಗೆ ಬಂದು ನಿಂತ.

"ಬೈಯೋದಿದ್ರೆ ಬೈರಿ. ಆದ್ರೆ ಪಾಪ ಅಂತ ಕೊಟ್ಟಿದ್ದಲ್ಲ."

"ಮತ್ತೆ?"

"ಐದನೇದಕ್ಕೆ ನನ್ನ ಕರೀತೀರ ಅಂತ ಆರು ವಾರ ಕಾದೆ. ಬೇರೆ ಯಾರನ್ನಾದ್ರೂ ಕರೆದುಬಿಟ್ರೆ...! ಆ ಓಟಾನೇ ಬೇಡ ಅಂತ ಮುಗಿಸಿಬಿಡೋಣ ಅನ್ನಿಸ್ತು."

ಟಾಮ್ಸಿನ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

‘ಕರೆದರೆ ಓವನ್‌ನಿಂದ ದೂರ ಹೋದಂತಾಗುತ್ತದೆ... ಕರೆಯದಿದ್ದರೆ?’

"ಬೇರೆ ಯಾರೂ ನೆನಪಿಗೆ ಬರಲೇ ಇಲ್ಲ, ಕೀರನ್," ಎಂದಳು ಮೆಲ್ಲಗೆ. "ಅದಕ್ಕೇ ಕೇಳೋಕೆ ಭಯ ಆಗಿದ್ದು."



ಅವಳೇ ಕೊರಳಿನ ಮಫ್ಲರ್ ಬಿಚ್ಚಿದಳು. ಬಗ್ಗಿ, ತನ್ನ ಎಡಗಾಲನ್ನು ಅವನ ಬಲಗಾಲಿಗೆ ಸೇರಿಸಿ ಗಂಟು ಹಾಕಿದಳು.

"ಆ ದೀಪದ ಕಂಬದ ತನಕ. ಬಿದ್ರೆ ಲೆಕ್ಕಕ್ಕಿಲ್ಲ."

ನಾಲ್ಕನೇ ಹೆಜ್ಜೆಗೆ ಬಿದ್ದರು.

"ನಿಮ್ಮಿಂದ!" ಎಂದ ಕೀರನ್.

"ನಿಮ್ಮ ಕಾಲು ಉದ್ದ ಆದ್ರೆ ನಾನೇನು ಮಾಡ್ಲಿ?"

ಎದ್ದು ಮೊದಲಿಂದ ಶುರುಮಾಡಿದರು. ಈ ಸಲ ಅವನ ಕೈ ಅವಳ ಹೆಗಲ ಮೇಲಿತ್ತು, ಅವಳ ಕೈ ಅವನ ಸೊಂಟದಲ್ಲಿ. ಒಂದು, ಎರಡು, ಒಂದು, ಎರಡು... ಕಂಬ ಸಿಕ್ಕಿತು! ಟಾಮ್ಸಿನ್ ಜೋರಾಗಿ ನಕ್ಕಳು. ತನ್ನದೇ ನಗುವಿನ ಸದ್ದಿಗೆ ಬೆಚ್ಚಿದಳು, ಕಣ್ಣು ತುಂಬಿ ಬಂತು.

ಕೀರನ್ ಗಂಟು ಬಿಚ್ಚಲು ಬಗ್ಗಿದ.

"ಬಿಚ್ಚಬೇಡ," ಎಂದಳು.

ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದಳು. ಅವನು ತಲೆಯೆತ್ತಿ ನೋಡಿದ.

"ಓಟ ಮುಗೀತಲ್ಲ, ಟಾಮ್ಸಿನ್?"

"ಮುಗೀತು. ಈಗ ನಿಧಾನಕ್ಕೆ ನಡೆಯೋಣ... ನಿನಗೆ ಅವಸರ ಇಲ್ಲ ತಾನೇ?"

"ಇಲ್ಲ ಕಣೇ. ಒಂಚೂರೂ ಇಲ್ಲ."